ಪಿಸ್ತೂಲ್ ತಗೊಳ್ಳೋಕಿಂತ ಮೊದ್ಲ ಅಂಜಿಕಿ ಯಾವ್ದಂತ ಹೇಳ್ರಿ



ತೊಗರಿ ರಾಶಿ ಮುಗುದು ಕೈಯಾಗ ನಾಕ್ ರೊಕ್ಕ ಆಡೋ ಹೊತ್ತಿನ್ಯಾಗ ನಮ್ ಆಡಕಿ ಭಾಗದಾಗ ಹೊಸಾ ಮಾತೊಂದು ಕೇಳ್ಲಿಕತ್ತದ. "ಸಣ್ಣದೊಂದು ಪಿಸ್ತೂಲಿಂದು ಲೈಸೆನ್ಸ್ ಮಾಡಿಸ್ಬೇಕು ನೋಡ್ರಿ, ಯಾವ್ದು ಚೊಲೊ?" ಅಂತ. ನಮ್ಮನ್ಯಾಗ ಅಪ್ಪನ ಕಾಲದಿಂದ ಬೆಳೆ ರಕ್ಷಣೆಯ ಬಂದೂಕ ಒಂದದ. ಅದಕ್ಕ ಮಂದಿ ನನ್ನೇ ಕೇಳ್ತಾರ. ಒಬ್ಬೊಬ್ಬರಿಗೂ ಕುಂತು ಹೇಳೋದಕ್ಕಿಂತ ಇಲ್ಲೇ ಬರೀತೀನಿ.

ನನ್ನ ಅಭಿಪ್ರಾಯ ಮೊದ್ಲೇ ಹೇಳಿಬಿಡ್ತೀನಿ. ಪಿಸ್ತೂಲ್ ಕೇಳೋ ರೈತರೊಳಗ ಬಹಳ ಮಂದಿಗೆ ಪಿಸ್ತೂಲ್ ಬೇಕಾಗಿಲ್ಲ. ಅಂಜಿಕಿ ಖರೇನೇ ಅದ, ಆದ್ರ ಆ ಅಂಜಿಕಿಗೆ ಈ ಮದ್ದಲ್ಲ. "ಜೀವಕ್ಕ ರಕ್ಷಣಿ ಬೇಕು" ಅಂದ್ರ ಸಾಲದು, ಯಾರಿಂದ, ಎಲ್ಲಿ, ಎಷ್ಟೊತ್ತಿಗೆ ಅಂತ ಹೇಳ್ಬೇಕು. ಅಷ್ಟು ಹೇಳಿದ್ರ ಅರ್ಧ ನಿರ್ಣಯ ಅಲ್ಲೇ ಆಗ್ತದ.

ಮೊದಲ್ನೇದು, ಹೊಲದ ಕಳ್ಳರು. ಮೋಟರ್ ಕೇಬಲ್ ಕೊಯ್ತಾರ, ಸ್ಟಾರ್ಟರ್ ಬಿಚ್ಕೊಂಡು ಹೋಗ್ತಾರ, ರಾತ್ರಿ ಕರೆಂಟ್ ಬಂದಾಗ ಒಬ್ಬನೇ ಹೋಗ್ಬೇಕಾಗ್ತದ. ಇದು ಎಲ್ಲರಿಗೂ ಗೊತ್ತಿದ್ದ ತ್ರಾಸು. ಆದ್ರ ಕೇಬಲ್ ಕದ್ದು ಓಡೋನಿಗೆ ಗುಂಡು ಹೊಡಿಯೋ ಹಕ್ಕು ಯಾವ ಕಾನೂನಿನಾಗೂ ಇಲ್ಲ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಆತ್ಮರಕ್ಷಣೆಯ ಹಕ್ಕು 34ರಿಂದ 44ನೇ ಕಲಮುಗಳಲ್ಲಿದೆ. ಆಸ್ತಿ ಉಳಿಸಿಕೊಳ್ಳಲಿಕ್ಕೆ ಎದುರಿಗಿದ್ದವನ ಜೀವ ಹೋಗೋ ಮಟ್ಟಿಗೆ ಹೋಗಬಹುದಾದ ಸಂದರ್ಭಗಳನ್ನ 41ನೇ ಕಲಮು ಎಣಿಸಿ ಹೇಳ್ತದ: ದರೋಡೆ, ಹೊತ್ತು ಮುಳುಗಿದ ಮ್ಯಾಲ ಮನಿ ಒಡೆದು ಒಳಗ ಬರೋದು, ಮನಿಗೋ ಮಾಲು ಇಟ್ಟ ಕಟ್ಟಡಕ್ಕೋ ಬೆಂಕಿ ಹಚ್ಚೋದು, ಇಲ್ಲಾ ನಮ್ಮ ಜೀವಕ್ಕೇ ಸಂಚಕಾರ ಬರ್ತದ ಅನ್ನೋ ಹಂಗ ನಡೆಯೋ ಕಳವು. ಬರೇ ಕಳವು ಇದರೊಳಗ ಬರಂಗಿಲ್ಲ. ಮ್ಯಾಲ 37ನೇ ಕಲಮು ಹೇಳ್ತದ, ಪೊಲೀಸರ ಹತ್ರ ಹೋಗ್ಲಿಕ್ಕೆ ಹೊತ್ತು ಇದ್ದಾಗ ಈ ಹಕ್ಕಿಲ್ಲ, ತಡಿಲಿಕ್ಕೆ ಎಷ್ಟು ಬೇಕೋ ಅದಕ್ಕಿಂತ ಜಾಸ್ತಿ ಪೆಟ್ಟು ಕೊಡೋ ಹಂಗಿಲ್ಲ. ಕೇಬಲ್ ಉಳಿಸ್ಲಿಕ್ಕೆ ಹೋಗಿ ಕೊಲೆ ಕೇಸಿನಾಗ ಕೂಡೋದಕ್ಕಿಂತ ಇಬ್ಬರು ಕೂಡಿ ಹೋಗೋದು, ಒಂದು ಚೊಲೊ ಬ್ಯಾಟರಿ, 112ಕ್ಕ ಫೋನು, ಇವೇ ಮೇಲು.

ಎರಡ್ನೇದು, ಕಾಡುಪ್ರಾಣಿ. ಹಂದಿ, ಚಿಗರಿ ಕಾಟ ನಮ್ಮ ಭಾಗದಾಗ ಹೊಸದಲ್ಲ, ಚಿಂಚೋಳಿ ಅಡವಿ ಕಡಿಯವ್ರನ್ನ ಕೇಳ್ರಿ. ಆದ್ರ ಪಾಯಿಂಟ್ 32 ಗುಂಡಿನ ಕೈಬಂದೂಕ ಹತ್ತು ಹದಿನೈದು ಹೆಜ್ಜಿ ದೂರಕ್ಕ ಮಾಡಿದ್ದು. ಕತ್ತಲದಾಗ ಓಡೋ ಹಂದಿಗೆ ಅದು ಏನೂ ಅಲ್ಲ, ಗಾಯ ಆದ ಹಂದಿ ತಿರುಗಿ ಬಿದ್ರ ನಮಗೇ ಕುತ್ತು. ಇನ್ನೊಂದು ಮಾತು, ಬಂದೂಕಿನ ಲೈಸೆನ್ಸ್ ಅಂದ್ರ ಬೇಟಿ ಲೈಸೆನ್ಸ್ ಅಲ್ಲ. ಬೆಳಿ ತಿನ್ನೋ ಪ್ರಾಣಿಯನ್ನ ಹೊಡಿಬೇಕಂದ್ರೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಅರಣ್ಯ ಇಲಾಖೆಯ ಅಧಿಕಾರಿ ಬರಹದಾಗ ಅನುಮತಿ ಕೊಡಬೇಕು. ಚಿಗರಿ ಅಂತೂ ಮೊದಲನೇ ಪಟ್ಟಿಯ ಪ್ರಾಣಿ, ಹೊಡದ್ರ 3ರಿಂದ 7 ವರ್ಷ ಜೈಲು.

ಮೂರ್ನೇದು ಮಂದಿ ಬಾಯಿಬಿಟ್ಟು ಹೇಳದ ಅಂಜಿಕಿ. ಅಣ್ಣತಮ್ಮರ ಪಾಲು, ಒಡ್ಡಿನ ಜಗಳ, ದಾರಿ ಜಗಳ. ನಮ್ಮ ಕಡಿ ಪಿಸ್ತೂಲಿನ ಮಾತು ಬಹಳ ಸಲ ಇಲ್ಲಿಂದೇ ಹುಟ್ತದ ಅಂತ ನನಗ ಅನಸ್ತದ. "ಅವ ಇನ್ನೊಮ್ಮಿ ಬರ್ಲಿ, ತೋರಸ್ತೀನಿ" ಅನ್ನೋದು. ಇಲ್ಲಿ ಒಂದು ಗಮ್ಮತ್ತು ನೋಡ್ರಿ. ಜಗಳ ಜೋರಾದ್ರ ಎರಡೂ ಕಡಿಯವ್ರಿಗೆ ಶಾಂತಿ ಕಾಪಾಡ್ತೀವಿ ಅಂತ ಮುಚ್ಚಳಿಕಿ ಬರಸ್ಕೋತಾರ, ನಾವೆಲ್ಲ ಇನ್ನೂ "107 ಕೇಸ್" ಅಂತೀವಲ್ಲ, ಅದೇ. ಶಸ್ತ್ರಾಸ್ತ್ರ ಕಾಯ್ದೆಯ 9ನೇ ಕಲಮಿನ ಪ್ರಕಾರ ಆ ಮುಚ್ಚಳಿಕಿ ಅವಧಿ ಮುಗಿಯೋ ತನಕ ಅಂಥವ ಬಂದೂಕ ಹೊಂದೋ ಹಂಗೇ ಇಲ್ಲ. ಅಂದ್ರ ಯಾವ ಜಗಳಕ್ಕ ಪಿಸ್ತೂಲ್ ಬೇಕು ಅಂತೀರೋ, ಅದೇ ಜಗಳ ನಿಮ್ಮ ಪಿಸ್ತೂಲ್ ಕಸೀತದ. ಒಡ್ಡಿನ ಜಗಳಕ್ಕ ಮದ್ದು ಹದ್ದುಬಸ್ತು ಅರ್ಜಿ. ಪಾಲಿನ ಜಗಳಕ್ಕ ಮದ್ದು 11ಇ ನಕ್ಷೆ, ನೋಂದಣಿ ಆದ ವಿಭಾಗ ಪತ್ರ, ಪೋಡಿ. ಸರ್ವೇದವ್ರು ಬರೋದು ತಡ ಆಗಬಹುದು, ಆದ್ರ ಅವರು ನೆಟ್ಟ ಕಲ್ಲು ಪಿಸ್ತೂಲಿಗಿಂತ ಹೆಚ್ಚು ದಿನ ಬಾಳ್ತದ.

ನಾಕ್ನೇದು, ಖರೇವಂದ್ರೂ ಜೀವ ಬೆದರಿಕೆ ಇದ್ದವ್ರು. ಊರ ಹೊರಗ ಒಂಟಿ ಮನಿ, ರೊಕ್ಕ ಹಿಡಕೊಂಡು ರಾತ್ರಿ ತಿರುಗೋ ವ್ಯಾಪಾರ, ಸಾಕ್ಷಿ ಹೇಳಿದ್ದಕ್ಕ ಬೆದರಿಕೆ. ಇಂಥವ್ರು ಇದ್ದಾರ, ಅವ್ರನ್ನ ನಾ ಅಲ್ಲಗಳಿಯಂಗಿಲ್ಲ. ಅವ್ರಿಗೆ ಮುಂದಿನ ಮಾತು.

ನಮ್ಮ ದೇಶದಾಗ ಬಂದೂಕ ಇಟ್ಕೊಳ್ಳೋದು ಮೂಲಭೂತ ಹಕ್ಕಲ್ಲ. ಅಮೆರಿಕದಂಥ ಹಕ್ಕು ನಮ್ಮ ಸಂವಿಧಾನದಾಗ ಇಲ್ಲ ಅಂತ ಸುಪ್ರೀಂ ಕೋರ್ಟು 2023ರಾಗ ಹೇಳ್ಯದ. 1959ರ ಶಸ್ತ್ರಾಸ್ತ್ರ ಕಾಯ್ದೆಯ 13ನೇ ಕಲಮು ಓದಿದ್ರ ಕಾನೂನಿನ ಮನಸ್ಸು ತಿಳೀತದ. ಸ್ವಂತ ರಕ್ಷಣೆಗೆ ಅಂತ ಅದು ಹೆಸರಿಟ್ಟು ಹೇಳೋದು 20 ಇಂಚಿಗೆ ಕಡಿಮಿ ಇಲ್ಲದ ನಳಿಗೆಯ ನುಣುಪು ಬಂದೂಕ, ಅಂದ್ರ ನಾವು ಹನ್ನೆರಡು ಬೋರ್ ಅನ್ನೋದು. ಬೆಳೆ ರಕ್ಷಣೆಗೆ ಬಾಯಿಂದ ಮದ್ದು ತುಂಬೋ ಬಂದೂಕ. ಪಿಸ್ತೂಲ್ ರಿವಾಲ್ವರ್ ಉಳಿದವುಗಳ ಸಾಲಿನಾಗ ಬರ್ತಾವ, "ತಕ್ಕ ಕಾರಣ ಅದ" ಅಂತ ಅಧಿಕಾರಿಗೆ ಒಪ್ಪಿಗಿ ಆದ್ರ ಮಾತ್ರ ಕೊಡ್ತಾರ. ಅದಕ್ಕ ಬೆದರಿಕೆ ಬಂದಾಗೆಲ್ಲ ಠಾಣೆಯಾಗ ದೂರು ಕೊಟ್ಟು ಸ್ವೀಕೃತಿ ಇಟ್ಕೊಳ್ರಿ. ಕಾಗದ ಇಲ್ಲದ ಅಂಜಿಕಿ ಕಚೇರಿಯಾಗ ಲೆಕ್ಕಕ್ಕ ಬರಂಗಿಲ್ಲ.

ಅರ್ಜಿ ಜಿಲ್ಲಾಧಿಕಾರಿಗಳಿಗೆ. 21 ವರ್ಷ ತುಂಬಿರಬೇಕು. ಪೊಲೀಸ್ ವರದಿ ಬರ್ತದ, ದವಾಖಾನಿಯ ಪ್ರಮಾಣಪತ್ರ ಬೇಕು, ಸುರಕ್ಷಿತವಾಗಿ ಇಡೋ ಜಾಗ ಅದ ಅಂತ ತೋರಿಸ್ಬೇಕು, 2016ರ ನಿಯಮದ ಪ್ರಕಾರ ಬಂದೂಕ ಬಳಸೋ ತರಬೇತಿ ತಗೋಬೇಕು. ಈ ತರಬೇತಿಯನ್ನ ಬರೇ ಕಾಗದಕ್ಕಂತ ತಗೋಬ್ಯಾಡ್ರಿ. ಕೈಬಂದೂಕ ಹಿಡಿಯೋದು ಉದ್ದ ಬಂದೂಕ ಹಿಡಿಯೋದಕ್ಕಿಂತ ಕಠಿಣ. ಹೆಗಲಿಗೆ ಆನಿಸೋ ಆಸರಾ ಇಲ್ಲ, ನಳಿಗಿ ಗಿಡ್ಡ, ಕೈ ಒಂದು ಎಳಿ ಅಲುಗಿದ್ರ ಗುಂಡು ಬ್ಯಾರೆ ಕಡಿ. ಅಂಜಿ ನಡುಗೋ ಕೈಗೆ ಅದು ಇನ್ನೂ ಕಠಿಣ.

ಇನ್ನು ಯಾವ್ದು ತಗೋಬೇಕು ಅನ್ನೋದು. ನನ್ನ ಮಾತು ಕೇಳಿದ್ರ ಮನಿ ಕಾಯಲಿಕ್ಕೆ ಹನ್ನೆರಡು ಬೋರೇ ಸಾಕು. ಅದನ್ನ ಸೊಂಟಕ್ಕ ಸಿಗಿಸ್ಕೊಂಡು ಚಾದಂಗಡಿಗೆ ಹೋಗ್ಲಿಕ್ಕೆ ಆಗಂಗಿಲ್ಲ, ಅದೇ ಅದರ ದೊಡ್ಡ ಗುಣ. ಅದಾಗಿಯೂ ಕೈಬಂದೂಕೇ ಬೇಕಂದ್ರ, ಸಾಮಾನ್ಯ ಮಂದಿಗೆ ಸಿಗೋದು ಹೆಚ್ಚಾಗಿ ಪಾಯಿಂಟ್ 32. 9 ಎಂಎಂ, ಪಾಯಿಂಟ್ 38 ಎಲ್ಲ ನಿಷೇಧಿತ ಬೋರು. ಪಾಯಿಂಟ್ 32ರೊಳಗ ಎರಡು ಜಾತಿ. ರಿವಾಲ್ವರ್ ಅಂದ್ರ ಆರು ಗುಂಡಿನ ತಿರುಗೋ ಚಕ್ರ. ಚಕ್ರ ತೆಗೆದ್ರ ಗುಂಡು ಅದಾವೋ ಇಲ್ಲೋ ಕಣ್ಣಿಗೆ ಕಾಣ್ತದ. ಪಿಸ್ತೂಲ್ ಅಂದ್ರ ಮ್ಯಾಗಜಿನ್ ಇರೋದು. ಮ್ಯಾಗಜಿನ್ ತೆಗೆದ ಮ್ಯಾಲೂ ನಳಿಗಿ ಹಿಂದ ಒಂದು ಗುಂಡು ಉಳಿದಿರಬಹುದು, ಖಾಲಿ ಅದ ಅಂತ ತಿಳಿದು ಒತ್ತಿದವ್ರಿಂದಲೇ ಅನಾಹುತ ಆಗ್ತಾವ. ಮೊದಲನೇ ಸಲದವ್ರಿಗೆ ರಿವಾಲ್ವರೇ ವಾಸಿ ಅಂತೀನಿ. ಎರಡಕ್ಕೂ ಪಾಯಿಂಟ್ 32 ಅಂದ್ರೂ ಇದರ ಗುಂಡು ಅದಕ್ಕ ಹೊಂದಂಗಿಲ್ಲ, ತಗೊಳ್ಳುವಾಗ ಲಕ್ಷ್ಯ ಇರ್ಲಿ. ರೊಕ್ಕದ ಅಂದಾಜು ಬೇಕಂದ್ರ, ಕಾನ್ಪುರದ ಆಯುಧ ಕಾರ್ಖಾನೆಯವ್ರು 2014ರಾಗ ಹೆಣ್ಮಕ್ಕಳಿಗಂತ ಅರ್ಧ ಕಿಲೋ ತೂಕದ "ನಿರ್ಭೀಕ್" ರಿವಾಲ್ವರ್ ತಂದಾಗ ಅದರ ಬೆಲಿ 1 ಲಕ್ಷ 22 ಸಾವಿರದ ಸುಮಾರ ಇತ್ತು. ಅಂದಿನ ಬೆಲಿ ಅದು.

ತಗೊಂಡ ಮ್ಯಾಲಿನ ಬಾಳೇವು ಯಾರೂ ಹೇಳಂಗಿಲ್ಲ, ನಾ ಹೇಳ್ತೀನಿ. ಗೋಡಿಗೆ ಬಿಗಿದ ಕಬ್ಬಿಣದ ಪೆಟ್ಟಿಗಿ ಬೇಕು. ಗುಂಡು ಬ್ಯಾರೆ, ಬಂದೂಕ ಬ್ಯಾರೆ, ಕೀಲಿ ನಿಮ್ಮೊಬ್ಬರ ಹತ್ರ. ಬನ್ನಿ ಹಬ್ಬಕ್ಕ ಪೂಜಿಗಿಟ್ರೂ ಖಾಲಿ ಮಾಡೇ ಇಡ್ಬೇಕು. ಐದು ವರ್ಷಕ್ಕೊಮ್ಮಿ ನವೀಕರಣ. ಮದುವಿ, ಮೆರವಣಿಗಿಯಾಗ ಖುಷಿಗಂತ ಹಾರಿಸಿದ್ರ 2019ರ ತಿದ್ದುಪಡಿ ಪ್ರಕಾರ ಎರಡು ವರ್ಷದ ತನಕ ಜೈಲು, ಇಲ್ಲಾ ಒಂದು ಲಕ್ಷದ ತನಕ ದಂಡ, ಇಲ್ಲಾ ಎರಡೂ. ಇಲೆಕ್ಷನ್ ಬಂತಂದ್ರ ಠಾಣೆಯಾಗ ಇಡ್ರಿ ಅಂತ ಕರಿ ಬರ್ತದ. ಊರಾಗ ಪಾರ್ಟಿ ಜಗಳ ಕುದಿಯೋ ದಿನಗಳಾಗೇ ನಿಮ್ಮ ಪಿಸ್ತೂಲ್ ನಿಮ್ಮ ಹತ್ರ ಇರಂಗಿಲ್ಲ.

ಇವೆಲ್ಲಕ್ಕಿಂತ ಭಾರದ ಮಾತೊಂದದ. ಬಂದೂಕ ಹೊರಗಿನ ಕಳ್ಳನ್ನ ಕಾಯ್ಕೊಂಡು ವರ್ಷಗಟ್ಟಲೆ ಮನ್ಯಾಗ ಕುಂಡ್ರತದ. ಆ ವರ್ಷಗಳಾಗ ಮನಿಯೊಳಗ ಏನೇನು ನಡೀತದ? ಮಳಿ ಕೈ ಕೊಡ್ತದ, ತೊಗರಿ ಒಣಗಿ ಹೋಗ್ತದ, ಬ್ಯಾಂಕಿನ ನೋಟಿಸ್ ಬರ್ತದ, ಗಂಡ-ಹೆಂಡ್ರ ಮಾತು ಹತ್ತಂಗಿಲ್ಲ, ವಯಸ್ಸಿಗೆ ಬಂದ ಮಗ ಸಿಟ್ಟಾಗ್ತಾನ, ಯಾರೋ ಕುಡಿದು ಬರ್ತಾರ. ಸಾಲದ ಸಂಕಟಕ್ಕ ಜೀವ ಕಳಕೊಂಡ ಮನಿ ನಮ್ಮ ಜಿಲ್ಲಾದಾಗ ಕಡಿಮಿ ಇಲ್ಲ, ಅದು ನಿಮಗೂ ಗೊತ್ತು. ಮನಸ್ಸು ಕೆಟ್ಟ ಗಳಿಗಿ ಬಹಳ ಸಲ ತಾನೇ ಹಾದು ಹೋಗ್ತದ, ಹೊತ್ತು ಸಿಕ್ಕರ ಮನಷ್ಯಾ ಉಳೀತಾನ. ಬಂದೂಕ ಆ ಹೊತ್ತು ಕೊಡಂಗಿಲ್ಲ. ಅಮೆರಿಕದಾಗ 1990ರ ದಶಕದಾಗೇ ಈ ಬಗ್ಗೆ ಅಧ್ಯಯನ ಮಾಡ್ಯಾರ. ಬಂದೂಕ ಇದ್ದ ಮನ್ಯಾಗ ಮನಿಯವ್ರೇ ಸಾಯೋ ಅಪಾಯ ಬಂದೂಕ ಇಲ್ಲದ ಮನಿಗಿಂತ ಹೆಚ್ಚು ಅಂತ ಕಂಡದ. ಅದಕ್ಕ ಮನ್ಯಾಗ ಯಾರಿಗಾದ್ರೂ ಮನಸ್ಸಿಗೆ ನೆಮ್ಮದಿ ಇಲ್ಲಾ, ಕುಡಿತ ಹೆಚ್ಚಾಗ್ಯದ ಅಂದ್ರ ಆ ಮನಿಗೆ ಬಂದೂಕ ತರಬ್ಯಾಡ್ರಿ. ಇದ್ರ ಅದನ್ನ ಆ ದಿನಗಳಿಗೆ ಮನಿಯಿಂದ ದೂರ ಇಡೋ ಬಗ್ಗೆ ಠಾಣೆಯಾಗ ಕೇಳ್ರಿ.

ಲೈಸೆನ್ಸ್ ತಡ ಆಗ್ತದಂತ ನಾಡ ಪಿಸ್ತೂಲಿನ ದಾರಿ ಹಿಡಿಯೋ ಹುಡುಗರಿಗೂ ಒಂದು ಮಾತು. ಭೀಮಾ ತೀರದ ಕಥಿ ಕೇಳಿ, ಸಿನಿಮಾ ನೋಡಿ ಅದರಾಗ ಏನೋ ಗಂಡಸ್ತನ ಅದ ಅನ್ಕೊಂಡಾರ. ಲೈಸೆನ್ಸ್ ಇಲ್ಲದ ಬಂದೂಕ ಬರೇ ಇಟ್ಕೊಂಡಿದ್ದಕ್ಕೇ ಈಗ ಕಡಿಮಿ ಅಂದ್ರ 2 ವರ್ಷ, 5 ವರ್ಷದ ತನಕ ಜೈಲು. ಧಾರವಾಡದಾಗ 2015ರ ಆಗಸ್ಟ್ 30ರಂದು ಎಂ. ಎಂ. ಕಲಬುರ್ಗಿ ಅವ್ರನ್ನ, ಬೆಂಗಳೂರಿನ್ಯಾಗ 2017ರ ಸೆಪ್ಟೆಂಬರ್ 5ರಂದು ಗೌರಿ ಲಂಕೇಶ್ ಅವ್ರನ್ನ ಕೊಂದಿದ್ದು 7.65 ಎಂಎಂನ ನಾಡ ಪಿಸ್ತೂಲೇ. ಅಂಥಾ ಮಾಲು ಎಲ್ಲಿ ಎಲ್ಲಿ ತಿರುಗಿ ನಿಮ್ಮ ಕೈಗೆ ಬಂದದ, ಅದರ ಹಿಂದ ಯಾರ ರಕ್ತ ಅದ, ನಿಮಗ ಹ್ಯಾಂಗ ತಿಳೀಬೇಕು?

"ಹಂಗಾದ್ರ ಕೈಯಾಗ ಏನೂ ಇಲ್ಲದ ಕುಂಡ್ರಬೇಕೇನು?" ಅಂತ ಕೇಳೋರು ಇದ್ದಾರ. ಈ ಪ್ರಶ್ನಿ ಹಗುರಲ್ಲ. ಆಯುಧ ಕಸಿಯೋ ಕಾನೂನಿಗೆ ಎದುರು ನಿಂತು 1857ರಾಗ ಹಲಗಲಿ ಬೇಡರು ಜೀವ ಕೊಟ್ರು. ನಮ್ಮ ಸೇಡಂ, ಚಿತ್ತಾಪುರದ ಹಿರಿಯರು ರಜಾಕಾರರ ಕಾಲ ಕಂಡವ್ರು, 1948ರ ಸೆಪ್ಟೆಂಬರ್ 17ರ ತನಕ ಊರು ಕಾಯೋದು ಅಂದ್ರ ಏನಂತ ಅವ್ರಿಗೆ ಗೊತ್ತಿತ್ತು. ಕೊಡಗಿನ ಕೊಡವರಿಗೆ, ಜಮ್ಮಾ ಹಿಡುವಳಿದಾರರಿಗೆ ಲೈಸೆನ್ಸಿನಿಂದ ವಿನಾಯಿತಿ ಇವತ್ತಿಗೂ ಅದ, 2029ರ ಅಕ್ಟೋಬರ್ ತನಕ. ಆದ್ರ ಈ ಮೂರರಾಗೂ ಒಂದು ಸಂಗತಿ ನೋಡ್ರಿ. ಅಲ್ಲಿ ಆಯುಧ ಊರಿಂದು, ಸಮುದಾಯದ್ದು, ನಾಕ್ ಮಂದಿ ಕಣ್ಣೆದುರಿಗೆ ಇದ್ದಿದ್ದು. ಕೊಡಗಿನ್ಯಾಗ ಕೈಲ್‌ಪೊಳ್ದು ಹಬ್ಬಕ್ಕ ಮನಿಮಂದಿ ಎಲ್ಲಾ ಕೂಡಿ ಬಂದೂಕಿಗೆ ಪೂಜಿ ಮಾಡ್ತಾರ. ಅಂಗಿ ಕೆಳಗ ಮುಚ್ಚಿಟ್ಟು ತಮ್ಮನ ಮನಿ ಮುಂದ ಹಾದು ಹೋಗೋ ಪಿಸ್ತೂಲಿಗೆ ಆ ಇತಿಹಾಸದ ಹೆಸರು ಹಚ್ಚಬಾರ್ದು.

ಅದಕ್ಕ ಅರ್ಜಿ ಬರಿಯೋಕಿಂತ ಮೊದ್ಲ ಒಂದು ಚೀಟಿ ಮ್ಯಾಲ ನಿಮ್ಮ ಅಂಜಿಕಿ ಬರೀರಿ. ಕಳ್ಳ ಅಂತ ಬಂದ್ರ ಹೊಲದ ನೆರೆಯವ್ರ ಜೋಡಿ ಪಾಳಿ ಹಚ್ಚಿ ಮಾತಾಡ್ರಿ. ಹಂದಿ ಅಂತ ಬಂದ್ರ ಅರಣ್ಯ ಇಲಾಖೆಗೆ ಬೆಳೆ ನಷ್ಟದ ಅರ್ಜಿ ಹಾಕ್ರಿ. ಅಣ್ಣತಮ್ಮರ ಹೆಸರು ಬಂದ್ರ ನಾಡಕಚೇರಿಗೆ ಹೋಗ್ರಿ, ಹಿರಿಯರನ್ನ ಕೂಡ್ಸ್ರಿ. ಇವು ಯಾವೂ ಅಲ್ಲ, ಖರೇ ಜೀವದ ಬೆದರಿಕೆ ಅಂದ್ರ ದೂರಿನ ಕಾಗದ ಹಿಡ್ಕೊಂಡು ಬರ್ರಿ, ಅರ್ಜಿ ತುಂಬಲಿಕ್ಕೆ ನಾ ಜೋಡಿ ಕುಂಡ್ರತೀನಿ. ಬ್ಯಾರೆ ವಿಚಾರ ಇದ್ದವ್ರು ಕೆಳಗ ಬರೀರಿ, ಸಿಟ್ಟಿಲ್ದೇ ಮಾತಾಡೋಣು.