ಶಿಬಿರಕ್ಕೆ ಹೊರಟ ಮಕ್ಕಳು

ಮಠಗಳ ಯುವಶಿಬಿರಗಳಿಗೆ ಮಕ್ಕಳನ್ನು ಕಳುಹಿಸುವುದು ಸ್ತುತ್ಯವೇ ಸರಿ. ಶಿಗ್ಗಾಂವಿ ಸೀಮೆಯ ಬಾಡವನ್ನೂ ಸವಣೂರಿನ ದೊಡ್ಡ ಹುಣಸೆಮರಗಳನ್ನೂ ಅವರು ಕಣ್ಣಾರೆ ಕಾಣಲಿ. ಆದರೆ ಹಾನಗಲ್ಲಿನ ಆನೆಕೆರೆ, ಹಿರೇಕೆರೂರು ಸೀಮೆಯ ಮದಗದ ಕೆರೆಗಳ ದಂಡೆಯಲ್ಲಿ ಎಚ್ಚರವಿರಬೇಕು. ದಂಡೆ ಕಂಡೀತು, ಆಳ ಕಾಣದು. 2024ರ ಡಿಸೆಂಬರಿನಲ್ಲಿ ಶಾಲಾ ಪ್ರವಾಸಕ್ಕೆ ಬಂದ ಮುಳಬಾಗಿಲು ತಾಲೂಕಿನ ನಾಲ್ವರು ವಿದ್ಯಾರ್ಥಿನಿಯರು ಮುರ್ಡೇಶ್ವರದ ಕಡಲಿನಲ್ಲಿ ಮುಳುಗಿ ತೀರಿಕೊಂಡುದನ್ನು ನಾವು ಮರೆಯಲಾಗದು.

ಪ್ರತಿ ಗುಂಪಿಗೊಬ್ಬ ಹೊಣೆಯ ಹಿರಿಯರು, ಹೆಣ್ಣುಮಕ್ಕಳೊಡನೆ ತಾಯಂದಿರು, ಈಜು ಬಲ್ಲವರ ಕಾವಲು, ಹೋಗುವಾಗ ಬರುವಾಗ ತಲೆಯೆಣಿಕೆ ಇರಲೇಬೇಕು. ಯಾರಾದರೂ ಮುಳುಗುತ್ತಿದ್ದರೆ ಈಜು ಬಾರದವರು ನೀರಿಗೆ ಹಾರದೆ ಹಗ್ಗವನ್ನೋ ಪಂಚೆಯನ್ನೋ ಎಸೆಯಲಿ. 112ಕ್ಕೆ ಕರೆ ಮಾಡಲಿ.

ತಂದೆತಾಯಿಗಳೇ, ಕಳುಹಿಸುವ ಮುನ್ನ ಹೊಣೆ ಯಾರದೆಂದು ಕೇಳಿರಿ. ಕೇಳುವುದು ಅವಿಶ್ವಾಸವಲ್ಲ. ಮಕ್ಕಳನ್ನು ಕಾಯುವುದೂ ಕಾಯಕವೇ.