ತೆರೆದ ಕಿವಿ, ಮುಚ್ಚಿದ ಕಿವಿ

ಪ್ರಕೃತಿಯು ಕಣ್ಣಿಗೆ ರೆಪ್ಪೆಯನ್ನು ಕೊಟ್ಟಿದೆ. ಬಾಯಿಗೆ ತುಟಿಗಳನ್ನು ಕೊಟ್ಟಿದೆ. ಕಿವಿಗೆ ಮಾತ್ರ ಕದವನ್ನು ಇಟ್ಟಿಲ್ಲ. ನಿದ್ರೆಯಲ್ಲಿಯೂ ಕಿವಿಯು ಎಚ್ಚರವಾಗಿಯೇ ಇರುತ್ತದೆ. ತೊಟ್ಟಿಲಿನ ಮಗು ಒಮ್ಮೆ ನರಳಿದರೆ ಸಾಕು, ಮಲಗಿದ್ದ ತಾಯಿ ಥಟ್ಟನೆ ಎದ್ದು ಕುಳಿತುಕೊಳ್ಳುವಳು. ಪ್ರಕೃತಿಯು ಇಡದೆ ಬಿಟ್ಟ ಆ ಕದವನ್ನು ಮನುಷ್ಯನು ಈಗ ತಾನೇ ಮಾಡಿ ಇಟ್ಟುಕೊಂಡಿದ್ದಾನೆ. ಅದರ ಹೆಸರು ಹೆಡ್‌ಫೋನು. ಈ ಕದವನ್ನು ಎಲ್ಲಿ ಹಾಕಿಕೊಳ್ಳಬೇಕು, ಎಲ್ಲಿ ತೆರೆದಿಡಬೇಕು ಎಂಬ ವಿಷಯದಲ್ಲಿ ನನಗೆ ತೋರಿದ ನಾಲ್ಕು ಮಾತುಗಳನ್ನು ನಮ್ಮ ಶಾಲೆಯ ಕಿರಿಯ ಮಿತ್ರರ ಮುಂದಿಡಲು ಬಯಸುತ್ತೇನೆ.

ನಾನು ಈ ಶಾಲೆಯ ಹಳೆಯ ವಿದ್ಯಾರ್ಥಿ. ನಮ್ಮ ಮನೆಯಿರುವುದು ಚೆನ್ನೈ ನಗರದ ಪಶ್ಚಿಮ ಭಾಗದ ಪೋರೂರಿನಲ್ಲಿ. ಅಲ್ಲಿ ಒಂದು ಕಡೆ ವಿಶಾಲವಾದ ಕೆರೆ; ಇನ್ನೊಂದು ಕಡೆ ಪೂಂದಮಲ್ಲಿಯ ರಸ್ತೆಯೂ ಕುಂದ್ರತ್ತೂರಿನ ರಸ್ತೆಯೂ ಆರ್ಕಾಟ್ ರಸ್ತೆಯೂ ಬಂದು ಕೂಡುವ ನಿಬಿಡವಾದ ಕೂಡುದಾರಿ. ಈ ಆರ್ಕಾಟ್ ರಸ್ತೆಯು ಕನ್ನಡಿಗರಿಗೆ ಅಪರಿಚಿತವಾದುದಲ್ಲ. ಅದು ವಳಸರವಾಕ್ಕಂ, ವಡಪಳನಿಗಳ ಮಾರ್ಗವಾಗಿ ಕೋಡಂಬಾಕ್ಕಮ್ಮನ್ನು ಸೇರುತ್ತದೆ. 1954ರಲ್ಲಿ ತೆರೆಕಂಡ ‘ಬೇಡರ ಕಣ್ಣಪ್ಪ’ದ ಕಾಲದಿಂದ ಬಹು ವರ್ಷಗಳವರೆಗೆ ಎಷ್ಟೋ ಕನ್ನಡ ಚಿತ್ರಗಳು ಸಿದ್ಧವಾದದ್ದು ಮದರಾಸಿನ ಸ್ಟುಡಿಯೋಗಳಲ್ಲಿಯೇ. ನಮ್ಮ ತಂದೆತಾಯಿಗಳು ಗುನುಗುವ ಪಿ. ಬಿ. ಶ್ರೀನಿವಾಸರ ಹಾಡುಗಳಲ್ಲಿ ಹಲವು ಈ ಊರಿನ ಧ್ವನಿಮುದ್ರಣ ಮಂದಿರಗಳಲ್ಲಿ ಹುಟ್ಟಿದವು. ನನ್ನ ಸೋದರಮಾವನು ಇದೇ ಧ್ವನಿಮುದ್ರಣದ ಕೆಲಸದವನು. ಕಳೆದ ಮಳೆಗಾಲದಲ್ಲಿ ಅವನು ಪರಸ್ಥಳಕ್ಕೆ ಹೊರಟಾಗ ತನ್ನ ಎರಡು ಹೆಡ್‌ಫೋನುಗಳನ್ನು ನಮ್ಮ ಮನೆಯಲ್ಲಿ ಇರಿಸಿ, “ಕೇಳು, ಆದರೆ ಜೋಕೆ” ಎಂದು ಹೇಳಿಹೋದನು. ಎರಡೂ ಉನ್ನತ ದರ್ಜೆಯವು. ಒಂದೊಂದರ ಬೆಲೆಯೂ ಲಕ್ಷ ರೂಪಾಯಿಗಳನ್ನು ಮೀರಿದ್ದು. ಒಂದು ತೆರೆದ ಬಗೆಯದು, ಇನ್ನೊಂದು ಮುಚ್ಚಿದ ಬಗೆಯದು. ಹೀಗೆ ಒಂದು ತಿಂಗಳ ಕಾಲ ಎರಡನ್ನೂ ಹೋಲಿಸಿ ನೋಡುವ ಭಾಗ್ಯ ನನಗೆ ದೊರೆಯಿತು.

ಇವುಗಳ ಭೇದವೇನೆಂಬುದನ್ನು ಮೊದಲು ತಿಳಿಯಬೇಕು. ಪ್ರತಿಯೊಂದು ಹೆಡ್‌ಫೋನಿನಲ್ಲಿಯೂ ಕಿವಿಗೊಂದರಂತೆ ಎರಡು ಬಟ್ಟಲುಗಳಿರುತ್ತವೆ. ಬಟ್ಟಲಿನೊಳಗೆ ತೆಳುವಾದ ಒಂದು ಪೊರೆಯುಂಟು. ವಿದ್ಯುತ್ತಿನ ಪ್ರೇರಣೆಯಿಂದ ಅದು ಹಿಂದಕ್ಕೂ ಮುಂದಕ್ಕೂ ಅದುರುತ್ತದೆ. ಮುಂದಕ್ಕೆ ಸರಿದಾಗ ಕಿವಿಯ ಕಡೆಯ ಗಾಳಿಯನ್ನು ಒತ್ತುತ್ತದೆ. ಅದೇ ಕ್ಷಣದಲ್ಲಿ ಬೆನ್ನ ಕಡೆಯ ಗಾಳಿಯನ್ನು ಸಡಿಲಿಸುತ್ತದೆ. ಆದುದರಿಂದ ಮುಂದೆ ಹುಟ್ಟುವಷ್ಟೇ ಶಬ್ದವು ಹಿಂದೆಯೂ ಹುಟ್ಟುತ್ತದೆ. ಈ ಹಿಂದಿನ ಶಬ್ದವನ್ನು ಏನು ಮಾಡಬೇಕು? ಬಟ್ಟಲಿನ ಬೆನ್ನಿಗೆ ಜಾಲರಿಯನ್ನಿಟ್ಟು ಹೊರಗೆ ಹೋಗಲು ಬಿಟ್ಟರೆ ಅದು ತೆರೆದ ಹೆಡ್‌ಫೋನು. ಬೆನ್ನನ್ನು ಮುಚ್ಚಿ ಒಳಗೆಯೇ ಅಡಗಿಸಲು ಯತ್ನಿಸಿದರೆ ಅದು ಮುಚ್ಚಿದ ಹೆಡ್‌ಫೋನು.

ಅಡಗಿಸುವುದು ಸುಲಭವಲ್ಲ. ಬಟ್ಟಲಿನ ಆಳವು 4 ಸೆಂಟಿಮೀಟರ್ ಎಂದು ಇಟ್ಟುಕೊಳ್ಳಿರಿ. ನಮ್ಮ ಊರಿನ 30 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಶಬ್ದವು ಸೆಕೆಂಡಿಗೆ ಸುಮಾರು 349 ಮೀಟರ್ ದೂರ ಓಡುತ್ತದೆ. ಗೋಡೆಗೆ ತಾಗಿ ಹಿಂದಿರುಗಲು ಅದು ಕ್ರಮಿಸಬೇಕಾದದ್ದು 8 ಸೆಂಟಿಮೀಟರ್. ಭಾಗಿಸಿ ನೋಡಿದರೆ, ಸೆಕೆಂಡಿಗೆ ಸುಮಾರು 4,360 ಕಂಪನಗಳ ನಾದವು ಆ ಪುಟ್ಟ ಕೋಣೆಯೊಳಗೆ ತನಗೆ ತಾನೇ ಬೆಂಬಲವಾಗಿ ಅನುರಣಿಸಬಲ್ಲದೆಂದು ಗೊತ್ತಾಗುವುದು. ಮನುಷ್ಯನ ಕಿವಿಯಾದರೋ ಅತ್ಯಂತ ಸೂಕ್ಷ್ಮವಾಗಿರುವುದು 2,000ದಿಂದ 5,000 ಕಂಪನಗಳ ನಡುವೆ! ಆದುದರಿಂದ ಮುಚ್ಚಿದ ಬಟ್ಟಲಿನ ದೋಷವು ಬಂದು ಬೀಳುವುದು ಕಿವಿಯು ಸುಲಭವಾಗಿ ಕಂಡುಹಿಡಿಯುವ ಜಾಗದಲ್ಲಿಯೇ. ಇದನ್ನು ತಡೆಯಲು ತಯಾರಕರು ಬಟ್ಟಲಿನೊಳಗೆ ಉಣ್ಣೆಯಂತಹ ವಸ್ತುಗಳನ್ನು ತುಂಬುತ್ತಾರೆ, ಗೋಡೆಯನ್ನು ಬಾಗಿಸುತ್ತಾರೆ. ಜರ್ಮನಿಯ ಸೆನ್‌ಹೈಸರ್ ಸಂಸ್ಥೆಯು 2018ರಲ್ಲಿ ಹೊರತಂದ ಎಚ್‌ಡಿ 820 ಎಂಬ ಮುಚ್ಚಿದ ಹೆಡ್‌ಫೋನಿಗೆ ಒಳಬಾಗಿದ ಗಾಜಿನ ಮುಚ್ಚಳವಿದೆ. ಹಿಂದಿನ ಶಬ್ದವನ್ನು ಪಕ್ಕದ ಹೀರುಗೂಡುಗಳಿಗೆ ಅಟ್ಟುವುದೇ ಆ ಗಾಜಿನ ಕೆಲಸ.

ಚರಿತ್ರೆಯಲ್ಲಿ ಮುಚ್ಚಿದ್ದೇ ಹಿರಿಯದು. 1910ರಲ್ಲಿ ಅಮೆರಿಕದ ನಥಾನಿಯಲ್ ಬಾಲ್ಡ್ವಿನ್ ಎಂಬಾತನು ತನ್ನ ಮನೆಯ ಅಡಿಗೆಮನೆಯಲ್ಲಿ ಕುಳಿತು ನೌಕಾಪಡೆಗಾಗಿ ಹೆಡ್‌ಫೋನುಗಳನ್ನು ತಯಾರಿಸಿದನು. ಅವು ಸಂದೇಶ ಕೇಳುವುದಕ್ಕೇ ಹೊರತು ಸಂಗೀತಕ್ಕಲ್ಲ. 1958ರಲ್ಲಿ ಜಾನ್ ಕಾಸ್ ಎಂಬಾತನು ಸ್ಟೀರಿಯೋ ಸಂಗೀತಕ್ಕೆಂದೇ ಹೆಡ್‌ಫೋನನ್ನು ಮಾರುಕಟ್ಟೆಗೆ ತಂದನು. ಹತ್ತು ವರ್ಷಗಳ ತರುವಾಯ, 1968ರಲ್ಲಿ, ಸೆನ್‌ಹೈಸರ್‌ನವರ ಎಚ್‌ಡಿ 414 ಎಂಬ ತೆರೆದ ಹೆಡ್‌ಫೋನು ಬಂದಿತು. ಹಳದಿ ಬಣ್ಣದ ಮೆತ್ತೆಗಳ ಆ ಹಗುರವಾದ ಸಾಧನವು ಲಕ್ಷಗಟ್ಟಲೆ ಮಾರಾಟವಾಯಿತು. ಕಿವಿಯನ್ನು ಮುಚ್ಚದೆಯೂ ಸಂಗೀತವನ್ನು ಕೇಳಬಹುದೆಂಬುದು ಜನರಿಗೆ ಆಗ ಮನವರಿಕೆಯಾಯಿತು.

ಇನ್ನು ನನ್ನ ಅನುಭವವನ್ನು ಹೇಳುವೆನು. ಬೆಳಗಿನ ಜಾವದಲ್ಲಿ, ರಸ್ತೆಯು ಇನ್ನೂ ಮೌನವಾಗಿರುವಾಗ, ತೆರೆದ ಹೆಡ್‌ಫೋನಿನಲ್ಲಿ ಮೈಸೂರಿನ ದೊರೆಸ್ವಾಮಿ ಅಯ್ಯಂಗಾರ್ಯರ ವೀಣೆಯನ್ನು ಕೇಳಿದೆನು. ವೀಣೆಯು ಕಿವಿಯೊಳಗೆ ನುಡಿಯುತ್ತಿದೆಯೆಂದು ಅನ್ನಿಸಲಿಲ್ಲ. ಎದುರಿಗಿನ ಜಮಖಾನದ ಮೇಲೆ ಕುಳಿತು ಯಾರೋ ನುಡಿಸುತ್ತಿರುವರೆಂದೇ ಭಾಸವಾಯಿತು. ತಂಬೂರಿಯ ತಂತಿಯನ್ನು ಮೀಟಿದ ಮೇಲೆ ಅದರ ಝೇಂಕಾರವು ಎಳೆಯೆಳೆಯಾಗಿ ಬಿಚ್ಚಿಕೊಂಡು, ಮೆಲ್ಲನೆ ಕರಗಿ, ಗಾಳಿಯಲ್ಲಿ ಲೀನವಾಗುವುದು ಸ್ಪಷ್ಟವಾಗಿ ಕೇಳಿಸಿತು. ಅನಂತರ ಅದೇ ವಾದನವನ್ನು ಮುಚ್ಚಿದುದರಲ್ಲಿ ಕೇಳಿದೆನು. ಸ್ವರಗಳು ಹತ್ತಿರ ಬಂದವು. ಎಡದ ತಂತಿ, ಬಲದ ತಂತಿ ಎಲ್ಲವೂ ತಲೆಯೊಳಗೇ ನಿಂತವು. ಅಂಗಳದಲ್ಲಿ ನಡೆಯುತ್ತಿದ್ದ ಕಚೇರಿಯನ್ನು ಕಿರುಮನೆಗೆ ತಂದಂತಾಯಿತು. ಆದರೆ ನ್ಯಾಯವನ್ನು ಹೇಳಲೇಬೇಕು: ಮೃದಂಗದ ಎಡದ ಮುಖದ ಗುಂಕಾರವು ಮುಚ್ಚಿದುದರಲ್ಲಿ ಎದೆಗೆ ತಾಗುವಂತೆ ತುಂಬಿ ಬಂದಿತು, ತೆರೆದುದರಲ್ಲಿ ಅದು ತುಸು ತೆಳುವಾಗಿತ್ತು. ಮುಚ್ಚಿದ ಬಟ್ಟಲು ಗಾಳಿಯನ್ನು ಸೋರಗೊಡದೆ ಹಿಡಿದಿಡುವುದರಿಂದ ಮಂದ್ರಸ್ವರಕ್ಕೆ ಬಲ ಬರುತ್ತದೆ.

ಹಾಗಾದರೆ ಧ್ವನಿಮುದ್ರಣ ಮಂದಿರಗಳಲ್ಲಿ ಗಾಯಕರಿಗೆ ಮುಚ್ಚಿದುದನ್ನು ಕೊಡುವುದೇಕೆಂದು ಮಾವನನ್ನು ಕೇಳಿದೆನು. “ಗಾಯಕನ ಕಿವಿಯಲ್ಲಿರುವ ವಾದ್ಯಗಳ ಸದ್ದು ಹೊರಗೆ ಸೋರಿದರೆ ಎದುರಿನ ಮೈಕು ಅದನ್ನೂ ಹಿಡಿದುಬಿಡುತ್ತದೆ. ಹಾಡುವವನಿಗೆ ಮುಚ್ಚಿದ್ದು, ಹಾಡಿದ್ದನ್ನು ತೂಗಿನೋಡುವವನಿಗೆ ತೆರೆದದ್ದು” ಎಂದು ಅವನು ಉತ್ತರಿಸಿದನು. ಅನುಭವಿಯ ಈ ಮಾತಿನಲ್ಲಿ ಒಂದು ತತ್ತ್ವವೇ ಅಡಗಿದೆ. ಸಾಧನದ ಹೆಚ್ಚುಗಾರಿಕೆಯು ಅದರ ಬೆಲೆಯಿಂದಲ್ಲ, ಬಳಸುವ ಸ್ಥಳದಿಂದ ನಿರ್ಧಾರವಾಗತಕ್ಕದ್ದು.

ತೆರೆದುದಕ್ಕೂ ದೋಷವಿಲ್ಲದಿಲ್ಲ. ಒಂದು ರಾತ್ರಿ ಅದನ್ನು ಹಾಕಿಕೊಂಡು ಹಾಡು ಕೇಳುತ್ತಿದ್ದಾಗ, ಪಕ್ಕದಲ್ಲಿ ಪರೀಕ್ಷೆಗೆ ಓದುತ್ತಿದ್ದ ತಮ್ಮನು ಪುಸ್ತಕವನ್ನು ಮಡಿಸಿಟ್ಟು, “ಅಣ್ಣಾ, ನಿನ್ನ ಹಾಡಿನ ಪಲ್ಲವಿ ನನಗೂ ಬಾಯಿಪಾಠವಾಯಿತು, ಇತಿಹಾಸ ಮಾತ್ರ ಆಗಲಿಲ್ಲ” ಎಂದನು. ಒಳಗಿನದು ಹೊರಕ್ಕೆ ಹೋಗುವ ದಾರಿಯಲ್ಲಿಯೇ ಹೊರಗಿನದೂ ಒಳಕ್ಕೆ ಬರುತ್ತದೆ. ಹಗಲು ಹೊತ್ತಿನಲ್ಲಿ ಬಸ್ಸು ಲಾರಿಗಳ ಆರ್ಭಟದ ನಡುವೆ ವೀಣೆಯು ಮುಳುಗಿಹೋಗುತ್ತಿತ್ತು.

ಈ ಕಾರಣದಿಂದಲೇ, ಮಳೆ ಧಾರಾಕಾರವಾಗಿ ಸುರಿಯುತ್ತಿದ್ದ ಒಂದು ಸಂಜೆ ನಾನು ಮುಚ್ಚಿದುದನ್ನು ಧರಿಸಿ ಕುಳಿತೆನು. ತಂದೆತಾಯಿಗಳೂ ತಮ್ಮನೂ ಹೊರಗೆ ಹೋಗಿದ್ದರು. ಮನೆಯಲ್ಲಿದ್ದವರು ನಾನು ಮತ್ತು ಅಜ್ಜಿ. ಅಜ್ಜಿಯು ಒಣಹಾಕಿದ್ದ ಬಟ್ಟೆಗಳನ್ನು ತರಲೆಂದು ಹಿತ್ತಲಿಗೆ ಹೋದವರು ಬಟ್ಟೆ ಒಗೆಯುವ ಕಲ್ಲಿನ ಬಳಿ ಜಾರಿ ಬಿದ್ದರು. ನನ್ನನ್ನು ಕೂಗಿದರು. ಮತ್ತೆ ಕೂಗಿದರು. ನಾನು ಇಪ್ಪತ್ತು ಹೆಜ್ಜೆಗಳ ದೂರದಲ್ಲಿ ಕಣ್ಣು ಮುಚ್ಚಿ ಮೃದಂಗವನ್ನು ಆಲಿಸುತ್ತಿದ್ದೆನು. ಪಕ್ಕದ ಮನೆಯ ತಮಿಳು ತಾಯಿಯೊಬ್ಬರು ಆ ಕೂಗನ್ನು ಕೇಳಿ, ನಮ್ಮ ಕರೆಗಂಟೆಯನ್ನು ಒತ್ತಿ, ಉತ್ತರ ಬಾರದಿರಲು ಹಿಂದಿನಿಂದ ಬಂದು ಅಜ್ಜಿಯನ್ನು ಎತ್ತಿ ಕೂರಿಸಿದರು. ಅವರು ಒಳಗೆ ಬಂದು ನನ್ನ ಭುಜವನ್ನು ಮುಟ್ಟಿದಾಗಲೇ ನನಗೆ ಲೋಕದ ಅರಿವಾದದ್ದು. ಅಜ್ಜಿಯ ಮುಂಗೈ ಮೂಳೆ ಮುರಿದಿತ್ತು. ಅವರು ನನ್ನನ್ನು ಬಯ್ಯಲಿಲ್ಲ. “ಕೂಗಿದೆನಪ್ಪಾ. ಪಾಠ ಕೇಳುತ್ತಿದ್ದಾನೋ ಏನೋ ಅಂದುಕೊಂಡೆ” ಎಂದರು. ನಾನು ಕೇಳುತ್ತಿದ್ದದ್ದು ಪಾಠವಲ್ಲವೆಂದು ಹೇಳುವ ಧೈರ್ಯ ನನಗೆ ಆ ದಿನ ಬರಲಿಲ್ಲ.

ಮರುದಿನ ಒಂದು ಪರೀಕ್ಷೆಯನ್ನು ನಡೆಸಿದೆನು. ತಮ್ಮನನ್ನು ಅದೇ ಕಲ್ಲಿನ ಬಳಿ ನಿಲ್ಲಿಸಿ ಕರೆಯಹೇಳಿದೆನು. ಮುಚ್ಚಿದುದನ್ನು ಧರಿಸಿದ್ದಾಗ ಏನೂ ಕೇಳಲಿಲ್ಲ. ತೆರೆದುದನ್ನು ಧರಿಸಿ ಸಂಗೀತವನ್ನು ಮೆಲ್ಲಗೆ ಇಟ್ಟುಕೊಂಡಾಗ ಬಹುತೇಕ ಕರೆಗಳು ಕೇಳಿಸಿದವು. ಅದೇ ತೆರೆದುದರಲ್ಲಿ ಸಂಗೀತವನ್ನು ಏರಿಸಿದಾಗ ಮತ್ತೆ ಏನೂ ಕೇಳಲಿಲ್ಲ. ಹೆಡ್‌ಫೋನಿನ ಬೆನ್ನು ತೆರೆದಿದ್ದರೆ ಸಾಲದು. ಕೇಳುವವನ ಕೈ ಹಿಡಿತದಲ್ಲಿರಬೇಕೆಂಬುದನ್ನು ಇದರಿಂದ ಕಲಿತೆನು.

ಇದು ಬೇರೆಯವರ ಹಿತದ ಮಾತು. ನಮ್ಮ ಹಿತದ ಮಾತೂ ಇದೆ. 80 ಡೆಸಿಬೆಲ್ ಪ್ರಮಾಣದ ಶಬ್ದವನ್ನು ವಾರಕ್ಕೆ 40 ಗಂಟೆಗಳಿಗಿಂತ ಹೆಚ್ಚು ಕೇಳಬಾರದೆಂದೂ, ಮಕ್ಕಳಿಗೆ ಆ ಮಿತಿಯು 75 ಡೆಸಿಬೆಲ್ ಎಂದೂ ವಿಶ್ವ ಆರೋಗ್ಯ ಸಂಸ್ಥೆಯು ಸೂಚಿಸಿದೆ. 3 ಡೆಸಿಬೆಲ್ ಏರಿದರೆ ಶಬ್ದದ ಶಕ್ತಿಯು ಇಮ್ಮಡಿಯಾಗುತ್ತದೆ. ಸುರಕ್ಷಿತ ಕಾಲವು ಅರ್ಧಕ್ಕೆ ಇಳಿಯುತ್ತದೆ. ಹೀಗೆ 90 ಡೆಸಿಬೆಲ್ಲಿಗೆ ಬರುವಷ್ಟರಲ್ಲಿ ದೊಡ್ಡವರಿಗೂ ಉಳಿಯುವುದು ವಾರಕ್ಕೆ 4 ಗಂಟೆ ಮಾತ್ರ. ಲೋಕದ 100 ಕೋಟಿಗೂ ಹೆಚ್ಚು ಯುವಜನರ ಶ್ರವಣಶಕ್ತಿಯು ಇಂತಹ ಅವಿವೇಕದಿಂದ ಅಪಾಯದಲ್ಲಿದೆಯೆಂಬುದು ಅದೇ ಸಂಸ್ಥೆಯ ಅಂದಾಜು. ಒಳಗಿವಿಯ ಸೂಕ್ಷ್ಮವಾದ ರೋಮಕೋಶಗಳು ಒಮ್ಮೆ ನಾಶವಾದರೆ ಮತ್ತೆ ಬೆಳೆಯುವುದಿಲ್ಲ. ಕಿವಿಯ ರಕ್ಷಣೆಗೂ ಚಿಕಿತ್ಸೆಗೂ ಮೈಸೂರಿನಲ್ಲಿ 1965ರಲ್ಲಿ ಸ್ಥಾಪಿತವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಂತಹ ದೊಡ್ಡ ಸಂಸ್ಥೆಗಳಿವೆ. ಆದರೆ ಕಳೆದುಕೊಂಡ ಸಹಜ ಶ್ರವಣವನ್ನು ಯಥಾಪ್ರಕಾರ ತಂದುಕೊಡುವ ಅಂಗಡಿ ಯಾವ ಊರಿನಲ್ಲಿಯೂ ಇಲ್ಲ.

ಈ ದೃಷ್ಟಿಯಿಂದ ನೋಡಿದರೆ ಮುಚ್ಚಿದ ಹೆಡ್‌ಫೋನಿಗೂ ಗೌರವದ ಸ್ಥಾನವಿದೆ. ಗದ್ದಲದ ರೈಲಿನಲ್ಲಿ ಕುಳಿತು ತೆರೆದುದನ್ನು ಧರಿಸುವವನು ಗದ್ದಲವನ್ನು ಮೀರಿಸಲು ಸಂಗೀತವನ್ನು ಏರಿಸುತ್ತಾನೆ; ಮುಚ್ಚಿದುದನ್ನು ಧರಿಸಿದವನು ತಗ್ಗಿಸಿಯೇ ಕೇಳಬಲ್ಲನು. ಅಲ್ಲಿ ಮುಚ್ಚಿದ್ದೇ ಕಿವಿಯ ಮಿತ್ರ. ಸಹಪಾಠಿಗಳು ಓದುತ್ತಿರುವ ಕೊಠಡಿಯಲ್ಲಿಯೂ ಅದೇ ಸಭ್ಯತೆ. ಆದರೆ ಮನೆಯಲ್ಲಿ, ವಿಶೇಷವಾಗಿ ವೃದ್ಧರೂ ಶಿಶುಗಳೂ ಇರುವ ಮನೆಯಲ್ಲಿ, ತೆರೆದದ್ದೇ ಲೇಸು, ಅದೂ ಮೆಲುದನಿಯಲ್ಲಿ. ನಡೆಯುವಾಗಲೂ ರಸ್ತೆ ದಾಟುವಾಗಲೂ ಎರಡೂ ಬೇಡ. ಪೋರೂರಿನ ಕೂಡುದಾರಿಯಲ್ಲಿ ಕಿವಿಯ ಮೇಲೆ ಬಟ್ಟಲುಗಳನ್ನಿಟ್ಟುಕೊಂಡು ತಲೆ ತಗ್ಗಿಸಿ ನಡೆಯುವ ತರುಣರನ್ನು ನಾನು ದಿನವೂ ಕಾಣುತ್ತೇನೆ. ಬಸ್ಸಿನ ಚಾಲಕನು ಒತ್ತುವ ಹಾರನ್ನು ಅವನ ಸಂತೋಷಕ್ಕಾಗಿ ಒತ್ತುತ್ತಿಲ್ಲ ಎಂಬುದನ್ನು ಅವರು ನೆನಪಿಡಬೇಕು.

“ಇಷ್ಟು ಬೆಲೆಯ ವಸ್ತುವಿನ ಮಾತು ನಮಗೇಕೆ?” ಎಂದು ನೀವು ಕೇಳಬಹುದು. ನಿಜ, ನನ್ನಲ್ಲಿಯೂ ಈಗ ಅವಿಲ್ಲ. ಮಾವನು ಹಿಂದಿರುಗಿ ಬಂದು ತನ್ನ ವಸ್ತುಗಳನ್ನು ಒಯ್ದನು. ಆದರೆ ನೂರು ರೂಪಾಯಿಯ ಸಾಧನಕ್ಕೂ ಲಕ್ಷ ರೂಪಾಯಿಯ ಸಾಧನಕ್ಕೂ ಈ ನಿಯಮಗಳು ಒಂದೇ.

ಕಡೆಯದಾಗಿ ಕನ್ನಡದ ಮಾತೊಂದನ್ನು ಹೇಳಿ ಮುಗಿಸುವೆನು. ನಮ್ಮ ಅಜ್ಜಿಯವರು ಈರೋಡು ಜಿಲ್ಲೆಯ ತಾಳವಾಡಿಯ ಕಡೆಯವರು. ಗಡಿನಾಡಿನ ಆ ಕನ್ನಡದ ಸೊಗಸು ನಮ್ಮ ಪಠ್ಯಪುಸ್ತಕದಲ್ಲಿ ಇಲ್ಲ. ಯಾವ ಧ್ವನಿಮುದ್ರಿಕೆಯಲ್ಲಿಯೂ ನನಗೆ ಸಿಕ್ಕಿಲ್ಲ. ಬೀದಿಗಿಳಿದರೆ ಬೇರೆ ನುಡಿಯೇ ಕಿವಿಗೆ ಬೀಳುವ ಈ ಊರಿನಲ್ಲಿ ಅದು ನನಗೆ ಕೇಳಸಿಗುವುದು ಅವರ ಬಾಯಿಂದ ಮಾತ್ರ. ನಿಮ್ಮಲ್ಲಿ ಅನೇಕರ ಮನೆಯ ಸ್ಥಿತಿಯೂ ಇದೇ ಆಗಿರಬಹುದು. ವೀಣೆಯನ್ನು ನಾಳೆಯೂ ಕೇಳಬಹುದು. ಮುದ್ರಿತವಾದ ನಾದವು ಎಲ್ಲಿಗೂ ಹೋಗುವುದಿಲ್ಲ. ಹಿರಿಯರ ದನಿಯು ಹಾಗಲ್ಲ. ಅಜ್ಜಿಯ ಮುಂಗೈ ಈಗ ವಾಸಿಯಾಗಿದೆ. ಸಂಜೆ ಅವರು ಹಿತ್ತಲಿನಿಂದ ಕರೆದರೆ ಮೊದಲ ಕೂಗಿಗೇ ಓಗೊಡುತ್ತೇನೆ. ಕಿರಿಯ ಮಿತ್ರರೇ, ನೀವೂ ಹಾಗೆಯೇ ಮಾಡಿರೆಂಬುದೇ ನನ್ನ ಬಿನ್ನಹ.