ಸುರಬಾಯದಲ್ಲಿ ಇಳಿಯಿರಿ

ಪೂರ್ವ ಜಾವಾದ ಬ್ರೋಮೋ ಜ್ವಾಲಾಮುಖಿಯ ಹಿನ್ನೆಲೆಯಲ್ಲಿ ಸೂರ್ಯ ಹುಟ್ಟುವುದನ್ನು ನೋಡಬೇಕೆಂದರೆ ಸುರಬಾಯದಿಂದ ನಡುರಾತ್ರಿಗೇ ಹೊರಡಬೇಕು. ಪ್ರವಾಸಿಗರು ವಿಮಾನ ಇಳಿಯುತ್ತಾರೆ, ಊಟದ ಶಾಸ್ತ್ರ ಮುಗಿಸುತ್ತಾರೆ, ವ್ಯಾನಿನ ಹಿಂದಿನ ಸೀಟಿನಲ್ಲಿ ತೂಕಡಿಸುತ್ತ ಬೆಟ್ಟದ ದಾರಿ ಹಿಡಿಯುತ್ತಾರೆ. ಬೆಳಗ್ಗೆ ಹೊಗೆಯುಗುಳುವ ಬಾಯಿಯ ಮುಂದೆ ಫೋಟೊ. ಆಮೇಲೆ ಬಾಲಿಯ ದಾರಿ. ಸುಮಾರು 30 ಲಕ್ಷ ಜನ ಬಾಳುವ, ಇಂಡೊನೇಷ್ಯಾದ ಎರಡನೇ ಅತಿ ದೊಡ್ಡ ನಗರ ಇವರ ಪಾಲಿಗೆ ಹೆದ್ದಾರಿಯ ಸಾಲುದೀಪವಾಗಿ ಹಿಂದೆ ಸರಿದುಹೋಗುತ್ತದೆ.

ಕನ್ನಡಿಗರೂ ಇದಕ್ಕೆ ಹೊರತಲ್ಲ. ಬೆಂಗಳೂರಿನಿಂದ ಬಾಲಿಗೆ ನೇರ ವಿಮಾನ ಬಂದ ಮೇಲೆ ಮಧುಚಂದ್ರಕ್ಕೂ ಆಫೀಸಿನ ಗೆಳೆಯರ ಗುಂಪಿಗೂ ಬಾಲಿ ಎಂದರೆ ಈಗ ಗೋವಾದಷ್ಟೇ ಸಲೀಸು. ಅಲ್ಲಿಂದ ಸುರಬಾಯಕ್ಕೆ ವಿಮಾನದಲ್ಲಿ ಒಂದು ಗಂಟೆಯೂ ಹಿಡಿಯದು. ಆದರೂ ಆ ಕಡೆ ತಲೆ ಹಾಕುವವರು ಕಡಿಮೆ. ಕೇಳಿದರೆ ಸಿಗುವ ಉತ್ತರ ಒಂದೇ: ‘ಅಲ್ಲೇನಿದೆ ನೋಡೋಕೆ?’

ಇದೆ. ಆದರೆ ಟಿಕೆಟ್ ಕೊಟ್ಟು ಒಳಗೆ ಹೋಗಿ ನೋಡುವಂಥದ್ದು ಕಡಿಮೆ. ಸುರಬಾಯ ದುಡಿಯುವ ಊರು. 20ನೇ ಶತಮಾನದ ಆರಂಭದಲ್ಲಿ ಅದು ಬಟಾವಿಯಾಕ್ಕಿಂತ, ಅಂದರೆ ಇಂದಿನ ಜಕಾರ್ತಾಕ್ಕಿಂತ, ದೊಡ್ಡದಾಗಿತ್ತು. ಪೂರ್ವ ಜಾವಾದ ಸಕ್ಕರೆ ಇಲ್ಲಿಂದಲೇ ಹಡಗು ಹತ್ತುತ್ತಿತ್ತು. ಇವತ್ತಿಗೂ ತಂಜುಂಗ್ ಪೆರಾಕ್ ಬಂದರಿನಿಂದ ಮಕಾಸ್ಸರ್‌ಗೆ, ಬೋರ್ನಿಯೊ ತೀರಕ್ಕೆ, ಇನ್ನೂ ಪೂರ್ವದ ದ್ವೀಪಗಳಿಗೆ ಜನರನ್ನು ತುಂಬಿಕೊಂಡು ಹಡಗುಗಳು ಹೊರಡುತ್ತವೆ. ಇಂಥ ಊರಿಗೆ ಅತಿಥಿಯ ಮುಂದೆ ಸಿಂಗರಿಸಿಕೊಂಡು ನಿಲ್ಲಲು ಪುರಸೊತ್ತಿಲ್ಲ. ಅದೇ ಅದರ ಆಕರ್ಷಣೆ ಎಂದರೆ, ಬಿಸಿಲಿನಲ್ಲಿ ಬೆವರು ಒರೆಸಿಕೊಳ್ಳುತ್ತಿರುವ ಪ್ರವಾಸಿ ಒಪ್ಪದಿರಬಹುದು. ಸಮಭಾಜಕ ವೃತ್ತದಿಂದ ಬರೀ ಏಳು ಡಿಗ್ರಿ ದಕ್ಷಿಣಕ್ಕಿರುವ ಊರು. ಅಕ್ಟೋಬರಿನಲ್ಲಿ ಸೂರ್ಯ ನೆತ್ತಿಯ ಮೇಲೇ ಇರುತ್ತಾನೆ. ಮಂಗಳೂರಿನ ಏಪ್ರಿಲ್ ಕಂಡವರಿಗೆ ಹೆಚ್ಚು ವಿವರಿಸಬೇಕಿಲ್ಲ.

ಹೆಸರಿನಿಂದಲೇ ಶುರು ಮಾಡಬಹುದು. ಊರಿನವರು ಹೇಳುವ ಕಥೆಯಲ್ಲಿ ‘ಸುರ’ ಎಂದರೆ ಶಾರ್ಕ್, ‘ಬಾಯ’ ಎಂದರೆ ಮೊಸಳೆ. ಸಮುದ್ರ ಶಾರ್ಕಿಗೆ, ನೆಲ ಮೊಸಳೆಗೆ ಎಂದು ಒಪ್ಪಂದವಾಗಿತ್ತಂತೆ. ಶಾರ್ಕ್ ಮೆಲ್ಲಗೆ ನದಿಯೊಳಕ್ಕೆ ನುಗ್ಗಿತು, ಕಾದಾಟ ಹತ್ತಿತು. ಮೃಗಾಲಯದ ಮುಂದೆ ಎರಡೂ ಸುತ್ತಿಕೊಂಡು ಕಚ್ಚಾಡುವ ದೊಡ್ಡ ಪ್ರತಿಮೆಯಿದೆ. ನಗರದ ಲಾಂಛನವೂ ಅದೇ. ಇನ್ನೊಂದು ವಿವರಣೆ ‘ಸುರ ಇಂಗ್ ಬಾಯ’, ಅಪಾಯದಲ್ಲೂ ಎದೆಗುಂದದವನು. ಕನ್ನಡ ಬಲ್ಲವರ ಕಿವಿಗೆ ಇಲ್ಲಿ ‘ಶೂರ’ನೂ ‘ಭಯ’ವೂ ತಾನಾಗಿ ಕೇಳಿಸುತ್ತದೆ. ಕೇಳಿಸಿದ್ದು ತಪ್ಪಲ್ಲ, ಎರಡೂ ಪದ ಜಾವಾ ಭಾಷೆಗೆ ಹೋದದ್ದು ಸಂಸ್ಕೃತದಿಂದಲೇ.

ಹಾಗೆಂದು ಎದೆಯುಬ್ಬಿಸಲು ಅವಸರಪಡಬೇಕಾಗಿಲ್ಲ. ಇಂಡೊನೇಷ್ಯಾಕ್ಕೆ ಹೋಗುವ ಭಾರತೀಯನಿಗೆ ಒಂದು ಚಾಳಿಯಿದೆ. ಹೋದಲ್ಲೆಲ್ಲ ತನ್ನ ಮನೆಯ ಸಾಮಾನು ಹುಡುಕುತ್ತಾನೆ. ಇಲ್ಲಿ ಗರುಡ, ಅಲ್ಲಿ ರಾಮಾಯಣ, ಮತ್ತೊಂದು ಕಡೆ ಗಣೇಶ. ಗಣೇಶನ ಚಿತ್ರದ ನೋಟು ಇವತ್ತಿಗೂ ವಾಟ್ಸ್‌ಆ್ಯಪ್‌ನಲ್ಲಿ ಸುತ್ತುತ್ತಿರುತ್ತದೆ. ಅದು 1998ರ 20,000 ರುಪಿಯಾ ನೋಟು, ಚಲಾವಣೆಯಿಂದ ಹೋಗಿ ಎಷ್ಟೋ ವರ್ಷವಾಯಿತು. ಬಾಲಿ ಈ ಹುಡುಕಾಟಕ್ಕೆ ಹೇಳಿ ಮಾಡಿಸಿದ ಜಾಗ. ಸುರಬಾಯ ಹಾಗಲ್ಲ. ಅಲ್ಲೂ ಭಾರತದ ಗುರುತುಗಳು ಸಿಗುತ್ತವೆ, ಆದರೆ ಎಲ್ಲವೂ ಖುಷಿ ಕೊಡುವಂಥವಲ್ಲ.

ಖುಷಿ ಕೊಡುವುದು ರಾಜ್ಯಪಾಲರ ಅಧಿಕೃತ ಭವನ ಗ್ರಹಾದಿಯ ಎದುರಿನ ಪುಟ್ಟ ಉದ್ಯಾನದಲ್ಲಿದೆ. ಬೋಳು ತಲೆಯ, ದಪ್ಪ ಮೈಯ ಕಲ್ಲಿನ ಮೂರ್ತಿಯೊಂದು ಮರದ ನೆರಳಲ್ಲಿ ಕೂತಿದೆ. ಜನ ಕರೆಯುವುದು ‘ಜೋಕೊ ದೋಲೋಗ್’ ಎಂದು. ದಢೂತಿ ಹುಡುಗ ಎಂದಿಟ್ಟುಕೊಳ್ಳಬಹುದು. ನಿಜಕ್ಕೂ ಅವನು ಸಿಂಘಸಾರಿಯ ರಾಜ ಕೃತನಗರ, ಅಕ್ಷೋಭ್ಯ ಬುದ್ಧನ ರೂಪದಲ್ಲಿ. ಪೀಠದ ಸುತ್ತ ಹಳೆಯ ಜಾವಾ ಲಿಪಿಯಲ್ಲಿ ಸಂಸ್ಕೃತ ಶ್ಲೋಕಗಳನ್ನು ಕೊರೆದಿದ್ದಾರೆ. ಒಡೆದು ಎರಡಾಗಿದ್ದ ನಾಡು ಮತ್ತೆ ಒಂದಾದ ಸಂಗತಿ ಅದರಲ್ಲಿದೆ. ಕಾಲ 1289, ಹೊಯ್ಸಳ ಮೂರನೇ ನರಸಿಂಹ ದೋರಸಮುದ್ರದಲ್ಲಿ ಆಳುತ್ತಿದ್ದ ದಿನಗಳು. ಡಚ್ಚರು 1817ರಲ್ಲಿ ಒಳನಾಡಿನಿಂದ ಇದನ್ನು ಹೊತ್ತು ತಂದು ಊರಲ್ಲಿ ಕೂರಿಸಿದರು. ವಸ್ತುಸಂಗ್ರಹಾಲಯಕ್ಕೆ ಸೇರದೆ ಉಳಿದದ್ದೇ ಒಳ್ಳೆಯದಾಯಿತು. ಈಗಲೂ ಯಾರೋ ಬಂದು ಹೂವು ಚೆಲ್ಲಿ ಊದುಬತ್ತಿ ಹಚ್ಚಿ ಹೋಗುತ್ತಾರೆ.

ಇನ್ನೊಂದು ಗುರುತು ಕಾಣಬೇಕೆಂದರೆ ಊರಿನ ಉತ್ತರಕ್ಕೆ, ಕಾಲಿ ಮಾಸ್ ನದಿಯ ದಂಡೆಗೆ ಹೋಗಬೇಕು. ಅಲ್ಲಿರುವ ಜೆಂಬಾತಾನ್ ಮೆರಾ, ಅಂದರೆ ಕೆಂಪು ಸೇತುವೆ, ನೋಟಕ್ಕೆ ಏನೂ ಅಲ್ಲ. ಕೆಂಪು ಬಣ್ಣದ ಕಟಕಟೆ, ಕೆಳಗೆ ಮಣ್ಣುಬಣ್ಣದ ನೀರು. 1945ರ ಅಕ್ಟೋಬರ್ 25ರಂದು ಈ ಬಂದರಿಗೆ ಬ್ರಿಟಿಷರ 49ನೇ ಭಾರತೀಯ ಪದಾತಿ ಬ್ರಿಗೇಡ್ ಬಂದಿಳಿಯಿತು. ಇಂಡೊನೇಷ್ಯಾ ಸ್ವತಂತ್ರವೆಂದು ಸುಕಾರ್ನೋ ಘೋಷಿಸಿ ಎರಡು ತಿಂಗಳಾಗಿತ್ತಷ್ಟೆ. ಸೋತ ಜಪಾನೀಯರ ಶಸ್ತ್ರ ಪಡೆಯುವುದು, ಸೆರೆಯಲ್ಲಿದ್ದ ಡಚ್ಚರನ್ನು ಬಿಡಿಸುವುದು ಬ್ರಿಗೇಡಿನ ಕೆಲಸವೆಂದು ಹೇಳಲಾಗಿತ್ತು. ಊರಿನ ಹುಡುಗರಿಗೆ ಇದು ಡಚ್ಚರನ್ನು ಹಿಂದಿನ ಬಾಗಿಲಿನಿಂದ ಕರೆತರುವ ಆಟವೆಂದು ಕಂಡಿತು. ಮೂರೇ ದಿನಕ್ಕೆ ಕದನ. ಸುಕಾರ್ನೋ ಖುದ್ದು ವಿಮಾನದಲ್ಲಿ ಬಂದು ಕದನವಿರಾಮ ಮಾಡಿಸಿದರು. ಮರುದಿನವೇ, ಅಕ್ಟೋಬರ್ 30ರಂದು, ಬ್ರಿಗೇಡಿನ ಮುಖ್ಯಸ್ಥ ಬ್ರಿಗೇಡಿಯರ್ ಮ್ಯಾಲಬಿ ಈ ಸೇತುವೆಯ ಬಳಿ ತಮ್ಮ ಕಾರಿನಲ್ಲಿ ಸತ್ತರು. ನವೆಂಬರ್ 10ರಂದು ಬ್ರಿಟಿಷರು ಹಡಗಿನಿಂದಲೂ ವಿಮಾನದಿಂದಲೂ ಊರಿನ ಮೇಲೆ ಗುಂಡು ಸುರಿಸಿದರು. ಮೂರು ವಾರ ಬೀದಿಬೀದಿಯಲ್ಲಿ ಕಾಳಗ ನಡೆದು ಸಾವಿರಾರು ಮಂದಿ ಸತ್ತರು. ಆ ನವೆಂಬರ್ 10 ಇಂದು ಇಂಡೊನೇಷ್ಯಾದ ವೀರರ ದಿನ.

ಗುಂಡು ಹಾರಿಸಿದ ಕೈಗಳಲ್ಲಿ ಹೆಚ್ಚಿನವು ಭಾರತೀಯರವು. 49ನೇ ಬ್ರಿಗೇಡಿನಲ್ಲಿದ್ದದ್ದು ರಜಪುತಾನಾ ರೈಫಲ್ಸ್ ಮತ್ತು ಮರಾಠಾ ಲೈಟ್ ಇನ್‌ಫೆಂಟ್ರಿಯ ತುಕಡಿಗಳು. ಎರಡನೆಯದರ ಕೇಂದ್ರ ನಮ್ಮ ಬೆಳಗಾವಿ. ಅಲ್ಲಿನ ಕವಾಯತು ಮೈದಾನದಿಂದ ಜಾವಾದ ಈ ನದಿದಂಡೆಗೆ ಹೀಗೊಂದು ದಾರಿಯಿದೆ ಎಂಬುದು ನಮ್ಮ ಶಾಲೆಯ ಪಠ್ಯದಲ್ಲಿ ಬರುವುದಿಲ್ಲ. ಇನ್ನೆರಡು ವರ್ಷದೊಳಗೆ ತಾವೇ ಸ್ವತಂತ್ರರಾಗಲಿದ್ದವರು ಇನ್ನೊಬ್ಬರ ಸ್ವಾತಂತ್ರ್ಯದ ಎದುರು ಬಂದೂಕು ಹಿಡಿದು ನಿಂತಿದ್ದರು. ನೆಹರೂ ಆಗಲೇ ಇದನ್ನು ಬಹಿರಂಗವಾಗಿ ಖಂಡಿಸಿದ್ದರು. ಕೆಲವು ಭಾರತೀಯ ಸೈನಿಕರು ಪಡೆ ಬಿಟ್ಟು ಇಂಡೊನೇಷ್ಯಾದವರ ಕಡೆ ಸೇರಿಕೊಂಡದ್ದೂ ಉಂಟು. 41 ಮೀಟರ್ ಎತ್ತರದ ವೀರರ ಸ್ತಂಭ, ತುಗು ಪಹ್ಲವಾನ್, ಇಲ್ಲಿಂದ ದೂರವಿಲ್ಲ. ಕೆಳಗೆ ಆ ಯುದ್ಧದ ಸಂಗ್ರಹಾಲಯವಿದೆ. ಬಾಲಿಯ ಗುಡಿಯ ಮುಂದೆ ‘ನಮ್ಮ ಸಂಸ್ಕೃತಿ’ ಎಂದು ಸೆಲ್ಫಿ ತೆಗೆದುಕೊಳ್ಳುವ ಭಾರತೀಯ ಇಲ್ಲೂ ಅರ್ಧ ದಿನ ಕಳೆಯಲಿ. ಆ ಅರ್ಧ ದಿನ ಅಷ್ಟೇನೂ ಹಾಯಾಗಿರುವುದಿಲ್ಲ.

ಇದೇ ಕಥೆಯ ಮೊದಲ ಅಧ್ಯಾಯ ನಡೆದದ್ದು ತುಂಜುಂಗಾನ್ ಬೀದಿಯ ಹೋಟೆಲೊಂದರಲ್ಲಿ. ಸಿಂಗಪುರದ ರಾಫಲ್ಸ್ ಹೋಟೆಲ್ ಕಟ್ಟಿದ ಆರ್ಮೇನಿಯನ್ ಸಾರ್ಕೀಸ್ ಮನೆತನದವರದೇ ಇದೂ, 1910ರದ್ದು. ಡಚ್ಚರ ಕಾಲದಲ್ಲಿ ಒರಾನ್ಯೆ, ಜಪಾನೀಯರು ಬಂದಾಗ ಯಾಮಾತೊ, ಈಗ ಮಜಪಹಿತ್. ಆಳುವವರು ಬದಲಾದಂತೆ ಫಲಕವೂ ಬದಲಾಯಿತು. 1945ರ ಸೆಪ್ಟೆಂಬರ್ 19ರಂದು ಅದರ ಮೇಲೆ ಡಚ್ಚರು ತಮ್ಮ ಕೆಂಪು, ಬಿಳಿ, ನೀಲಿ ಬಾವುಟ ಹಾರಿಸಿದರು. ಹುಡುಗರು ಮೇಲೆ ಹತ್ತಿ ನೀಲಿ ಪಟ್ಟಿಯನ್ನು ಹರಿದೆಸೆದರು. ಉಳಿದದ್ದು ಇಂಡೊನೇಷ್ಯಾದ ಬಾವುಟ. ಬಾವುಟ ಬದಲಿಸಲು ಇಷ್ಟು ಕಡಿಮೆ ಬಟ್ಟೆ ಖರ್ಚಾದದ್ದು ಬೇರೆಲ್ಲೂ ಇರಲಾರದು.

ಪೆನೆಲೆ ಎಂಬ ಓಣಿಯಲ್ಲಿ ಇನ್ನೂ ಸಣ್ಣ ಜಾಗವೊಂದಿದೆ. ರಾಷ್ಟ್ರೀಯ ನಾಯಕ ಚೋಕ್ರೊಅಮಿನೊತೊ ಅವರ ಮನೆ. ಅಲ್ಲಿ ವಿದ್ಯಾರ್ಥಿಗಳು ಬಾಡಿಗೆಗಿರುತ್ತಿದ್ದರು. ಮುಂದೆ ರಾಷ್ಟ್ರಾಧ್ಯಕ್ಷರಾದ ಸುಕಾರ್ನೋ, ಕಮ್ಯುನಿಸ್ಟ್ ನಾಯಕ ಮುಸೋ, ಇಸ್ಲಾಮಿಕ್ ರಾಜ್ಯಕ್ಕಾಗಿ ದಂಗೆಯೆದ್ದ ಕಾರ್ತೊಸುವಿರ್ಯೊ, ಮೂವರೂ ಚೋಕ್ರೊ ಗರಡಿಯವರು. 1948ರ ದಂಗೆಯಲ್ಲಿ ಮುಸೋ ಸರ್ಕಾರಿ ಪಡೆಯ ಗುಂಡಿಗೆ ಬಲಿಯಾದ. 1962ರಲ್ಲಿ ಕಾರ್ತೊಸುವಿರ್ಯೊಗೆ ಮರಣದಂಡನೆಯಾಯಿತು. ಎರಡೂ ಸಲ ಅಧ್ಯಕ್ಷ ಸುಕಾರ್ನೋ. ಈಗ ಸಂಗ್ರಹಾಲಯವಾಗಿರುವ ಆ ಮನೆಯ ತಗ್ಗು ಮಾಡು, ಇಕ್ಕಟ್ಟು ಕೋಣೆ ನೋಡಿದರೆ ಒಂದು ದೇಶದ ಅರ್ಧ ಶತಮಾನದ ಜಗಳ ಇಷ್ಟು ಜಾಗದಲ್ಲಿ ಹಿಡಿಸಿತ್ತೇ ಎನಿಸುತ್ತದೆ.

ಹಳೆಯ ಊರಿನಲ್ಲಿ ಗಲ್ಲಿ ದಾಟಿದರೆ ಲೋಕ ಬದಲಾಗುತ್ತದೆ. ಅಂಪೆಲ್‌ನಲ್ಲಿ ಜಾವಾಕ್ಕೆ ಇಸ್ಲಾಂ ತಂದ ಒಂಬತ್ತು ಸಂತರಲ್ಲಿ ಒಬ್ಬರಾದ ಸುನನ್ ಅಂಪೆಲ್ ಅವರ ಸಮಾಧಿ, 15ನೇ ಶತಮಾನದ ಮಸೀದಿ. ಅಲ್ಲಿಗೆ ಹೋಗುವ ಕಿರಿದಾದ ಮುಚ್ಚಿಗೆಯ ಬೀದಿಯ ತುಂಬ ಖರ್ಜೂರ, ಅತ್ತರು, ಜಪಮಾಲೆ. ಯೆಮನ್ನಿನ ಹದ್ರಮೌತ್‌ನಿಂದ ಬಂದವರ ಮೊಮ್ಮಕ್ಕಳು ಅಂಗಡಿಯಲ್ಲಿ ಕೂತಿರುತ್ತಾರೆ. ಪದರ ಪದರವಾಗಿ ಬೇಯುವ ‘ರೋಟಿ ಮರ್ಯಮ್’ ನಮ್ಮ ಕರಾವಳಿಯ ಪರೋಟಾದ ಹತ್ತಿರದ ನಂಟ. ಅಲ್ಲಿಂದ ಸ್ವಲ್ಪವೇ ದೂರದಲ್ಲಿ ಚೀನಿಯರ ಕೆಂಬಾಂಗ್ ಜೆಪುನ್ ಬೀದಿ, ಕಪಾಸಾನ್‌ನ ಕನ್‌ಫ್ಯೂಷಿಯಸ್ ಮಂದಿರ. ಅಧ್ಯಕ್ಷ ಸುಹಾರ್ತೊ ಕಾಲದಲ್ಲಿ ಚೀನೀ ಹಬ್ಬವನ್ನು ಬೀದಿಯಲ್ಲಿ ಆಚರಿಸುವಂತಿರಲಿಲ್ಲ. 2000ದಲ್ಲಿ ಆ ನಿಷೇಧ ಹೋಯಿತು.

ಹೊಟ್ಟೆಯ ವಿಷಯಕ್ಕೆ ಬಂದರೆ, ಸಸ್ಯಾಹಾರಿಗಳಿಗೆ ಸುರಬಾಯ ಸ್ವಲ್ಪ ಪರೀಕ್ಷೆಯೇ. ಊರಿನ ಹೆಮ್ಮೆಯ ‘ರಾವೋನ್’ ಕಪ್ಪು ಬಣ್ಣದ ದನದ ಮಾಂಸದ ಸಾರು. ಆ ಕಪ್ಪು ಕ್ಲುವಾಕ್ ಎಂಬ ಬೀಜದ್ದು. ಹಸಿಯಾಗಿದ್ದಾಗ ವಿಷ, ಬೂದಿಯಲ್ಲಿ ಹೂತು ಹುದುಗಿಸಿದ ಮೇಲೆ ಮಸಾಲೆ. ‘ರುಜಾಕ್ ಚಿಂಗುರ್’ನಲ್ಲಿ ಹಣ್ಣು, ತರಕಾರಿಯ ಜತೆ ಹಸುವಿನ ಮೂತಿಯ ಮಾಂಸವಿರುತ್ತದೆ. ತರಕಾರಿ ಮಾತ್ರ ಕೊಡಿ ಎಂದರೂ ‘ಪೆಟಿಸ್’ ಎಂಬ ಸಿಗಡಿಯ ಕಪ್ಪು ಗೊಜ್ಜು ಬಂದೇ ಬರುತ್ತದೆ. ‘ತನ್ಪಾ ಪೆಟಿಸ್’, ಅಂದರೆ ಪೆಟಿಸ್ ಬೇಡ, ಎಂಬ ಎರಡು ಪದ ಕಲಿತಿದ್ದರೆ ಅರ್ಧ ಗೆದ್ದಂತೆ. ಆಗಲೂ ಟೆಂಪೆ, ತೋಫು, ಬೇಯಿಸಿದ ಸೊಪ್ಪಿಗೆ ಕಡಲೆಕಾಯಿ ಚಟ್ನಿ ಸುರಿದ ಪೆಚೆಲ್ ಸಿಗುತ್ತವೆ. ಆ ಚಟ್ನಿಯಲ್ಲೂ ಸಿಗಡಿ ಇಣುಕಬಹುದು, ಕೇಳಿಕೊಳ್ಳುವುದು ಒಳ್ಳೆಯದು.

ಮಾತೂ ಖಾರವೇ. ಮಧ್ಯ ಜಾವಾದ ನಯವಾದ, ಹಂತಹಂತದ ಮರ್ಯಾದೆಯ ಭಾಷೆ ಇಲ್ಲಿ ನಡೆಯುವುದಿಲ್ಲ. ಅಣ್ಣನಿಗೆ ‘ಚಾಕ್’, ಗೆಳೆಯರಿಗೆಲ್ಲ ‘ರೆಕ್’. ಬೆಂಗಳೂರಿನ ‘ಮಗಾ’ ಎಲ್ಲೆಲ್ಲಿ ಬರುತ್ತದೋ ಅಲ್ಲೆಲ್ಲ ಅದು. ಸಲುಗೆಯಲ್ಲಿ ಬೈಗುಳವೂ ಸೇರಿಕೊಳ್ಳುತ್ತದೆ. ಜೋಗ್ಯಕಾರ್ತಾದವರು ಮೂಗು ಮುರಿಯುತ್ತಾರೆ, ಇವರು ತಲೆ ಕೆಡಿಸಿಕೊಳ್ಳುವುದಿಲ್ಲ.

ಇಂಥ ಊರನ್ನು ಈಗ ಪ್ರವಾಸಿಗರಿಗೆ ಹೊಂದಿಸುವ ಕೆಲಸವೂ ಶುರುವಾಗಿದೆ. ಕೆಂಪು ಸೇತುವೆಯ ಸುತ್ತಲಿನ ಡಚ್ ಕಟ್ಟಡಗಳಿಗೆ ಬಣ್ಣ ಬಳಿದು 2024ರಲ್ಲಿ ‘ಕೋತಾ ಲಾಮಾ’, ಹಳೆಯ ನಗರ, ಎಂದು ತೆರೆದರು. ಸಂಜೆ ಜನ ತುಂಬುತ್ತಾರೆ, ತಪ್ಪೇನಿಲ್ಲ. ಆದರೆ ಹಳೆಯ ಬಂದರುಗಳಿಗೆ ಇಂಥ ಬಣ್ಣ ಬಿದ್ದಾಗ ಮೊದಲು ಜಾಗ ಖಾಲಿ ಮಾಡುವವರು ಮೂಟೆ ಹೊರುವವರು. ಅದೇ ನದಿಯ ಬಾಯಲ್ಲಿ, ಕಾಲಿಮಾಸ್ ಧಕ್ಕೆಯಲ್ಲಿ, ಮರದ ಹಡಗುಗಳಿಗೆ ಹಲಗೆ ಚಾಚಿ ಹೆಗಲ ಮೇಲೆ ಸರಕು ಏರಿಸುವವರನ್ನು ಇನ್ನೂ ಕಾಣಬಹುದು. ಊರಿನ ನಿಜವಾದ ಹಳೆತನ ಅಲ್ಲಿದೆ, ಅದಕ್ಕೆ ಸುಣ್ಣಬಣ್ಣ ಬೇಕಿಲ್ಲ.

ಬಡವರ ಕೇರಿಗಳನ್ನು ಕೆಡವದೆ ಸುಧಾರಿಸುವುದು ಹೇಗೆಂದು ಈ ನಗರಕ್ಕೆ ಗೊತ್ತು. ಇಲ್ಲಿ ಕೇರಿಗೆ ‘ಕಂಪುಂಗ್’ ಎನ್ನುತ್ತಾರೆ. ಮನೆಗಳನ್ನು ಇದ್ದಲ್ಲೇ ಬಿಟ್ಟು ಕಾಲುದಾರಿ, ಚರಂಡಿ, ನೀರು ಕೊಟ್ಟ ಕೆಬಾಲೆನ್ ಕಂಪುಂಗ್ ಯೋಜನೆಗೆ 1986ರಲ್ಲಿ ಆಗಾ ಖಾನ್ ವಾಸ್ತುಶಿಲ್ಪ ಪ್ರಶಸ್ತಿ ಬಂತು. 2018ರಲ್ಲಿ ‘ಸುರೊಬೊಯೊ ಬಸ್’ ಬಂದಾಗ ಟಿಕೆಟ್ಟಿಗೆ ದುಡ್ಡಿನ ಬದಲು ಖಾಲಿ ಪ್ಲಾಸ್ಟಿಕ್ ಬಾಟಲಿ ತೆಗೆದುಕೊಳ್ಳುತ್ತಿದ್ದರು. ಕಸ ಎತ್ತುವುದಕ್ಕೇ ಟೆಂಡರಿನ ಮೇಲೆ ಟೆಂಡರ್ ಕರೆಯುವ ನಗರಗಳಿಂದ ಹೋದವರಿಗೆ ಇದು ಹೊಟ್ಟೆಕಿಚ್ಚು ಹುಟ್ಟಿಸುವ ವಿಷಯ.

ಇಷ್ಟಕ್ಕೆ ಎರಡು ರಾತ್ರಿ ಸಾಕು. ಬ್ರೋಮೋ ಎಲ್ಲಿಗೂ ಹೋಗುವುದಿಲ್ಲ, ಮೂರನೇ ರಾತ್ರಿ ವ್ಯಾನ್ ಹತ್ತಿದರಾಯಿತು. ಬಿಸಿಲೇರುವ ಮುಂಚೆ ಯಾವುದಾದರೂ ಕಂಪುಂಗಿನೊಳಗೆ ನಡೆಯಬೇಕು. ಇಬ್ಬರು ಎದುರಾದರೆ ಒಬ್ಬರು ಓರೆಯಾಗಬೇಕಾದಷ್ಟು ಕಿರಿದು ದಾರಿ. ಎರಡೂ ಬದಿ ಹೂಕುಂಡ, ಪಂಜರದಲ್ಲಿ ಹಕ್ಕಿ, ಬಾಗಿಲಲ್ಲಿ ಒಲೆ. ಓಣಿಯ ಬಾಯಲ್ಲಿ ಮೋಟರ್‌ಸೈಕಲ್ಲಿನವರಿಗೆ ಒಂದು ಪದದ ಫಲಕ ತೂಗುಹಾಕಿರುತ್ತಾರೆ: ‘ತುರುನ್’, ಇಳಿಯಿರಿ. ಎಂಜಿನ್ ಆರಿಸಿ, ಗಾಡಿಯನ್ನು ತಳ್ಳಿಕೊಂಡು, ದಾರಿಯಲ್ಲಿ ಕೂತ ಅಜ್ಜಿಯನ್ನು ಮಾತಾಡಿಸುತ್ತ ಅವರು ಮನೆ ಸೇರುತ್ತಾರೆ.